ಹಳೆಯ ಕಟ್ಟಿಗೆ ಸಾಮಾನು: ಮಾರುವ ಮೊದಲು ಟೇಪು ಹಿಡಿಯಿರಿ

ಜೋಳದ ರಾಶಿ ಮುಗಿದು, ಕಡಲೆ ಚೀಲಕ್ಕೆ ಬಿದ್ದು, ರೈತರು ಮನೆಯ ಕೆಲಸದ ಕಡೆ ನೋಡುವ ಹೊತ್ತಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಳ್ಳಿಗಳಲ್ಲಿ ಇನ್ನೊಂದು ವ್ಯಾಪಾರ ಸದ್ದಿಲ್ಲದೆ ನಡೆಯುತ್ತದೆ. ಮಾಳಿಗೆಯ ಮಣ್ಣು ತೆಗೆಸಿ ಸ್ಲ್ಯಾಬು ಹಾಕಿಸುವವರು, ಹಿಸ್ಸೆಯಾದ ಮೇಲೆ ಪಡಸಾಲೆಯ ನಡುವೆ ಗೋಡೆ ಎಬ್ಬಿಸುವವರು, ಮಗನ ಮದುವೆಗೆಂದು ಹೊಸ ಕೋಣೆ ಕಟ್ಟಿಸುವವರು ಎಲ್ಲ ಊರಲ್ಲೂ ಇದ್ದಾರೆ. ಇವರ ಅಂಗಳದಲ್ಲಿ ಹಳೆಯ ತೊಲೆ, ಕಂಬ, ಬೋದಿಗೆ, ಜೋಡು ಬಾಗಿಲು, ಮಂಚ, ಸಂದೂಕ, ತೊಟ್ಟಿಲು ರಾಶಿ ಬೀಳುತ್ತವೆ. ಎರಡು ದಿನದಲ್ಲಿ ಒಂದು ಟೆಂಪೋ ಬಂದು ನಿಲ್ಲುತ್ತದೆ. ಇಳಿದವನು ಕಂಬವನ್ನು ಬೆರಳಿನಿಂದ ಬಡಿದು, “ಯಜಮಾನ್ರ, ಹುಳಾ ತಿಂದೈತಿ ನೋಡ್ರಿ. ಉರುವಲಕ್ಕ ಸೈ. ಎಲ್ಲಾ ಸೇರಿ ಒಂದ್ ರೇಟ್ ಹೇಳ್ರಿ, ಹೇರ್ಕೊಂಡ್ ಹೊಕ್ಕೇನಿ” ಎನ್ನುತ್ತಾನೆ. ಮನೆಯಲ್ಲಿ ಜಾಗವಿಲ್ಲ, ಗಾರೆಯವರು ಕಾಯುತ್ತಿದ್ದಾರೆ. ಒಂದು ಗಂಟೆಯಲ್ಲಿ ಅಂಗಳ ಖಾಲಿ.

ಉಳ್ಳಾಗಡ್ಡಿಯನ್ನೋ ಕಡಲೆಯನ್ನೋ ಮಾರುವಾಗ ನಮ್ಮ ರೈತ ಇಷ್ಟು ಅವಸರ ಮಾಡುವುದಿಲ್ಲ. ಮಾರುಕಟ್ಟೆಯ ದರ ಕೇಳುತ್ತಾನೆ, ತೂಕದ ಕಟ್ಟೆಯ ಮುಂದೆ ನಿಂತು ನೋಡುತ್ತಾನೆ, ಪಕ್ಕದವನಿಗೆ ಎಷ್ಟು ಬಂತೆಂದು ವಿಚಾರಿಸುತ್ತಾನೆ. ಅಜ್ಜ ಮುತ್ತಜ್ಜ ದಾಂಡೇಲಿ, ಹಳಿಯಾಳದ ಕಡೆಯ ಸಾಗವಾನಿ ತರಿಸಿ ಮಾಡಿಸಿದ ಸಾಮಾನಿಗೆ ಮಾತ್ರ ಅಳತೆಯೂ ಇಲ್ಲ, ದರವೂ ಇಲ್ಲ. ಕೊಳ್ಳುವವನು ಹೇಳಿದ್ದೇ ಬೆಲೆ. ಹಳೆಯ ಸಾಮಾನು ಎಲ್ಲವೂ ಬಂಗಾರ ಎಂದು ಈ ಲೇಖನ ಹೇಳುವುದಿಲ್ಲ. ಹೆಚ್ಚಿನವು ಬಂಗಾರವಲ್ಲ. ಆದರೆ ಯಾವುದು ಏನು ಎಂಬುದನ್ನು ಮನೆಯವರೇ ಮುಕ್ಕಾಲು ಪಾಲು ಕಂಡುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ಅಳತೆ ಟೇಪು, ಒಂದು ದಬ್ಬಣ, ಒಂದು ಬ್ಯಾಟರಿ, ಅರ್ಧ ದಿನದ ಬಿಡುವು.

ಬಾಗಲಕೋಟೆ ಕಲಿಸಿದ್ದು

ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಇರುವಷ್ಟು ಅನುಭವ ರಾಜ್ಯದಲ್ಲಿ ಬೇರೆಯವರಿಗೆ ಇರಲಿಕ್ಕಿಲ್ಲ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ಘಟಪ್ರಭೆಯ ದಂಡೆಯ ಬಾಗಲಕೋಟೆಯ ಹಣೆಬರಹವೂ ಅಲ್ಲಿಯೇ ಬರೆದುಹೋಯಿತು. ಹಿನ್ನೀರಿಗಾಗಿ ಹಳೆಯ ಊರಿನ ಓಣಿಗಳು ಹಂತಹಂತವಾಗಿ ತೆರವಾದವು, ಜನ ನವನಗರಕ್ಕೆ ಹೋದರು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಅವಕಾಶ ಕೊಟ್ಟಿತು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ದೇಶಕ್ಕೆ ಅರ್ಪಿಸಿದರು. ಒಂದು ಮನೆ ಬಿದ್ದರೆ ಅದರ ಕಟ್ಟಿಗೆಗೆ ಗಿರಾಕಿ ಹುಡುಕಬಹುದು. ಓಣಿಗೆ ಓಣಿಯೇ ಬಿದ್ದರೆ ಗಿರಾಕಿಯೇ ರಾಜ. ನಾಲ್ಕು ಸಾಗವಾನಿ ಕಂಬ ಇಟ್ಟುಕೊಳ್ಳಲು ಹೊಸ ಮನೆಯಲ್ಲಿ ತಾವಿಲ್ಲ. ಬಿಸಿಲು ಮಳೆಗೆ ಬಿಟ್ಟರೆ ಉಳಿಯುವುದಿಲ್ಲ. ಆದ್ದರಿಂದ ಬಂದ ಬೆಲೆಗೆ ಕೊಟ್ಟುಬಿಡು ಎಂಬ ಮನಸ್ಸು.

ಮುಂದೆ 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನುಗ್ಗಿದಾಗಲೂ ಇದೇ ಕಥೆ. ಮಣ್ಣಿನ ಗೋಡೆ ಕುಸಿದವು, ಕಟ್ಟಿಗೆ ಉಳಿಯಿತು, ಕೈಯಲ್ಲಿ ದುಡ್ಡಿರಲಿಲ್ಲ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಅದು ಕಾರ್ಯಕ್ಕೆ ಬಂದಾಗ ಇನ್ನಷ್ಟು ಊರುಗಳು ಗಂಟು ಕಟ್ಟಬೇಕಾಗುತ್ತದೆ. ಅಂಥ ಊರಿನವರು ಭೂಸ್ವಾಧೀನ ಕಚೇರಿಯಲ್ಲಿ ಪರಿಹಾರದ ಮಾತಾಡುವಾಗ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಿ ಉತ್ತರ ಪಡೆಯಬೇಕು: ಮನೆಯ ತೊಲೆ, ಕಂಬ, ಬಾಗಿಲು ಒಯ್ಯುವ ಹಕ್ಕು ನಮಗಿದೆಯೇ? ಅದಕ್ಕಾಗಿ ಪರಿಹಾರದಲ್ಲಿ ಕಡಿತ ಮಾಡುತ್ತಾರೆಯೇ? ಬಾಯಿಮಾತಿನ ಉತ್ತರಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ.

ಹೀಗೆ ಹೋದ ಸಾಮಾನು ಎಲ್ಲಿಗೆ ಹೋಗುತ್ತದೆ? ಮುಂಬಯಿಯ ಚೋರ್ ಬಜಾರ, ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಯಹೂದಿ ಕೇರಿ, ರಾಜಸ್ಥಾನದ ಜೋಧಪುರ, ಇವು ಹಳೆಯ ಬಾಗಿಲು ಕಂಬಗಳ ಹೆಸರಾಂತ ಪೇಟೆಗಳು. ದೊಡ್ಡ ಹೋಟೆಲಿನವರು, ಪಟ್ಟಣದ ಬಂಗಲೆಯವರು ಅಲ್ಲಿ ಕೊಳ್ಳುತ್ತಾರೆ. ಎಲ್ಲವೂ ವ್ಯಾಪಾರಕ್ಕೇ ಹೋಯಿತೆಂದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಮ್ಮ ಮುಧೋಳದ ಅರಮನೆಯ ದರ್ಬಾರು ಭಾಗ ನಿಂತಿದೆ. ಚೆನ್ನೈ ಹತ್ತಿರದ ದಕ್ಷಿಣಚಿತ್ರ ಎಂಬ ಸಂಗ್ರಹಾಲಯದಲ್ಲಿ ಇಳಕಲ್ ನೇಕಾರರ ಮನೆಯೊಂದನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಜನ ಟಿಕೇಟು ಕೊಂಡು ನೋಡುತ್ತಾರೆ. ಇಳಕಲ್ಲಿನಲ್ಲಿ ಅಂಥ ಮನೆ ಕೆಡವುವವರು ಇದನ್ನೊಮ್ಮೆ ನೆನೆದರೆ ನಷ್ಟವೇನಿಲ್ಲ.

ಒಂದು ಸಾಮಾನಿಗೆ ಮೂರು ಬೆಲೆ

ಹಳೆಯ ಸಾಮಾನಿನ ಬೆಲೆಯನ್ನು ಮೂರು ಪದರವಾಗಿ ನೋಡಬೇಕು. ಅದನ್ನು ಒಡೆದು ಬರೀ ಕಟ್ಟಿಗೆಯಾಗಿ ಮಾರಿದರೆ ಎಷ್ಟು ಎಂಬುದು ಮೊದಲನೆಯದು. ಇದ್ದ ಹಾಗೆಯೇ ಬಳಸುವವನು ಎಷ್ಟು ಕೊಟ್ಟಾನು ಎಂಬುದು ಎರಡನೆಯದು. ಅದರ ಹಳಮೆ ಮತ್ತು ಕೈಕೆಲಸಕ್ಕೆ ಮರುಳಾದವನು ಎಷ್ಟು ಕೊಟ್ಟಾನು ಎಂಬುದು ಮೂರನೆಯದು. ಮೂರನೆಯದು ಅದೃಷ್ಟದ ಮಾತು, ಎರಡನೆಯದು ಪೇಟೆಯ ಮಾತು. ಮೊದಲನೆಯದು ಮಾತ್ರ ಲೆಕ್ಕ. ಅದು ನಿಮ್ಮ ನೆಲಗಟ್ಟು. ಅದಕ್ಕಿಂತ ಕೆಳಗೆ ಯಾರಿಗೂ ಕೊಡಬೇಕಾದ್ದಿಲ್ಲ.

ಲೆಕ್ಕ ಸುಲಭ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಒಂದು ಸಾಧಾರಣ ಮಾಳಿಗೆ ಮನೆಯನ್ನು ಹಿಡಿಯೋಣ. 8 ಇಂಚು ಚೌಕದ, 7 ಅಡಿ ಎತ್ತರದ ಕಂಬ ನಾಲ್ಕು: ಒಂದಕ್ಕೆ 3.11 ಘನ ಅಡಿ, ನಾಲ್ಕಕ್ಕೆ 12.4. 12 ಅಡಿ ಉದ್ದ, 9 ಇಂಚು ಅಗಲ, 8 ಇಂಚು ದಪ್ಪದ ತೊಲೆ ಎರಡು: ಒಂದಕ್ಕೆ 6, ಎರಡಕ್ಕೆ 12. ದೊಡ್ಡ ಬಾಗಿಲಿನ ಚೌಕಟ್ಟು 6 ಇಂಚು ಅಗಲ, 5 ಇಂಚು ದಪ್ಪ. ನಿಲುವಿನ ಎರಡು ತುಂಡು ಆರೂವರೆ ಅಡಿ, ಹೊಸ್ತಿಲು ಮತ್ತು ಮೇಲಡ್ಡ ನಾಲ್ಕೂವರೆ ಅಡಿ: ಸುಮಾರು 4.6. ಎರಡು ಕದ, ಒಂದೊಂದೂ 6 ಅಡಿ ಎತ್ತರ, 20 ಇಂಚು ಅಗಲ, 2 ಇಂಚು ದಪ್ಪ: 3.3. ಎಲ್ಲ ಸೇರಿ 32 ಘನ ಅಡಿಗೆ ತುಸು ಮೇಲೆ. ಜಂತಿಗಳನ್ನು ಇದರಲ್ಲಿ ಹಿಡಿದಿಲ್ಲ.

ಮೊಳೆ ಬಡಿದ ಜಾಗ, ಸೀಳು, ಸವೆದ ತುದಿ, ಗೂಟದ ತೂತು, ಇವೆಲ್ಲ ಕೊಯ್ಯುವಾಗ ಹಾಳು. ಮೂರರಲ್ಲಿ ಒಂದು ಪಾಲು ಹೋಯಿತೆಂದರೂ 21 ಘನ ಅಡಿಯ ಮೇಲೆ ಒಳ್ಳೆಯ ಕಟ್ಟಿಗೆ ಉಳಿಯಿತು. ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಎರಡು ಕಟ್ಟಿಗೆ ಅಡ್ಡೆಗೆ ಹೋಗಿ ಆ ಜಾತಿಯ ಹಳೆಯ ಕಟ್ಟಿಗೆ ಘನ ಅಡಿಗೆ ಹೇಗೆ ಎಂದು ಕೇಳಿ. ಮಾರುವವರಾಗಿ ಒಂದು ಕಡೆ, ಕೊಳ್ಳುವವರಾಗಿ ಇನ್ನೊಂದು ಕಡೆ ಕೇಳಿದರೆ ನಿಜವಾದ ದರ ನಡುವೆ ಎಲ್ಲೋ ಸಿಗುತ್ತದೆ. ಬರೀ ಲೆಕ್ಕಕ್ಕಾಗಿ ಘನ ಅಡಿಗೆ ಸಾವಿರ ರೂಪಾಯಿ ಎಂದು ಹಿಡಿದರೂ 21,000 ರೂಪಾಯಿ ಅಂಗಳದಲ್ಲಿ ಬಿದ್ದಿದೆ. ಟೆಂಪೋದವನು “ಉರುವಲಕ್ಕ ಸೈ” ಅಂದದ್ದು ಇದಕ್ಕೇ.

ದುಂಡು ಕಂಬದ ಲೆಕ್ಕದಲ್ಲಿ ಒಂದು ಒಳಗುಟ್ಟಿದೆ. ಕಟ್ಟಿಗೆ ವ್ಯಾಪಾರದಲ್ಲಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವ ರೂಢಿ ಇದೆ. 24 ಇಂಚು ಸುತ್ತಳತೆಯ 7 ಅಡಿ ಕಂಬ ಈ ರೀತಿಯಲ್ಲಿ 1.75 ಘನ ಅಡಿ. ನಿಜವಾಗಿ ಅದರಲ್ಲಿರುವುದು 2.2ಕ್ಕೂ ಹೆಚ್ಚು. ಕೊಯ್ಯುವಾಗ ದುಂಡಿನ ಹೊರ ಅಂಚು ಹಾಳಾಗುತ್ತದೆಂದು ಈ ಪದ್ಧತಿ ಬಂದಿದೆ, ಅದರಲ್ಲಿ ಮೋಸವಿಲ್ಲ. ಆದರೆ ಕಂಬವನ್ನು ಕೊಯ್ಯದೆ ಕಂಬವಾಗಿಯೇ ಮಾರಲು ಒಯ್ಯುವವನು ಈ ಲೆಕ್ಕ ಹಾಕಿದರೆ ಐದರಲ್ಲೊಂದು ಪಾಲು ಅವನಿಗೆ ಬಿಟ್ಟಿ.

ಯಾವ ಕಟ್ಟಿಗೆ, ಎಂಥ ಕಟ್ಟಿಗೆ

ದರ ಕೇಳುವ ಮೊದಲು ಜಾತಿ ತಿಳಿಯಬೇಕು. ಹೊಗೆ, ಎಣ್ಣೆ, ಸುಣ್ಣ ಹತ್ತಿ ನೂರು ವರ್ಷದಲ್ಲಿ ಎಲ್ಲ ಕಟ್ಟಿಗೆಯೂ ಒಂದೇ ಕಪ್ಪಾಗಿರುತ್ತದೆ. ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಉಳಿಯಿಂದ ಒಂದು ಚೂರು ಕೆತ್ತಿ ನೋಡಿ. ಸಾಗವಾನಿ ಹೊಂಬಣ್ಣದ್ದು, ಮುಟ್ಟಿದರೆ ತುಸು ಎಣ್ಣೆ ಎಣ್ಣೆ, ಹಳೆಯ ತೊಗಲಿನಂಥ ವಾಸನೆ. ಬೀಟೆ, ಅಂದರೆ ಸೀಸಂ, ನೇರಳೆ ಛಾಯೆಯ ಕಂದು. ಅದರಲ್ಲಿ ಕಪ್ಪು ಗೆರೆ. ಬೇವು ಕೆಂಪಗೆ, ಕಹಿ. ಮಾವು ಹಗುರ, ಬೇಗ ಹುಳು ಹಿಡಿಯುತ್ತದೆ. ಮತ್ತಿ, ಜಾಲಿ ಭಾರ, ಗಟ್ಟಿ. ಆದರೆ ಪೇಟೆಯಲ್ಲಿ ಸಾಗವಾನಿಯ ಮರ್ಯಾದೆ ಅವಕ್ಕಿಲ್ಲ. ಒಣಗಿದ ಸಾಗವಾನಿ ಘನ ಅಡಿಗೆ ಹದಿನೆಂಟು ಇಪ್ಪತ್ತು ಕಿಲೋ ತೂಗಿದರೆ ಬೀಟೆ ಇಪ್ಪತ್ಮೂರು ಇಪ್ಪತ್ನಾಲ್ಕರ ಹತ್ತಿರ ಬರುತ್ತದೆ. ಸಂಶಯವಿದ್ದರೆ ಊರ ಬಡಿಗೇರರನ್ನು ಕರೆಸಿ, ಅವರ ದಿನಗೂಲಿ ಕೊಟ್ಟು ಕೇಳಿ. ಕೂಲಿ ಕೊಡದೆ ಕೇಳಿದ ಸಲಹೆಗೆ ಬೇರೆ ಕಡೆಯಿಂದ ದಲ್ಲಾಳಿ ಸಿಗುವ ಸಾಧ್ಯತೆ ಇರುತ್ತದೆ ಎಂಬುದನ್ನು ಮರೆಯಬಾರದು.

ಆಮೇಲೆ ಹುಳು. ಸಣ್ಣ ತೂತುಗಳನ್ನು ಕಂಡ ಕೂಡಲೇ ಗಾಬರಿಯಾಗಬೇಡಿ. ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬೀಳುತ್ತಿದ್ದರೆ ಹುಳು ಜೀವಂತ ಇದೆ. ಪುಡಿ ಇಲ್ಲ, ತೂತಿನ ಅಂಚು ಕಪ್ಪಾಗಿದೆ ಎಂದರೆ ಅದು ಯಾವಾಗಲೋ ತಿಂದು ಹೋದದ್ದು. ಸಾಗವಾನಿಯ ಹೊರಗಿನ ಬಿಳಿಮರವನ್ನು ಹುಳು ತಿನ್ನುತ್ತದೆ, ಒಳಗಿನ ಚೇಗಿಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಗೆದ್ದಲು ಮಾತ್ರ ಬೇರೆ. ಕಂಬದ ಬುಡ, ತೊಲೆ ಗೋಡೆಯೊಳಗೆ ಕೂತ ತುದಿ, ಹೊಸ್ತಿಲ ಕೆಳಗಿನ ಮೈ, ಈ ಮೂರು ಕಡೆ ದಬ್ಬಣದಿಂದ ಚುಚ್ಚಿ ನೋಡಿ. ಕಾಲಿಂಚಿಗಿಂತ ಹೆಚ್ಚು ಸುಮ್ಮನೆ ಇಳಿದರೆ ಅಷ್ಟು ಉದ್ದವನ್ನು ಲೆಕ್ಕದಿಂದ ಬಿಡಿ. ಏಳಡಿ ಕಂಬದಲ್ಲಿ ಒಂದಡಿ ಹೋದರೆ ಆರಡಿ ಉಳಿಯಿತು; ಅದನ್ನು ನೆಪ ಮಾಡಿ ಇಡೀ ಕಂಬವನ್ನೇ ಉರುವಲು ಎನ್ನುವುದು ವ್ಯಾಪಾರದ ಮಾತು.

ಎರಡನೆಯ ಬೆಲೆಗೆ, ಅಂದರೆ ಬಳಕೆಯ ಬೆಲೆಗೆ, ನಮ್ಮಲ್ಲಿಯೇ ಒಳ್ಳೆಯ ಪೇಟೆ ಇದೆ. ಬನದ ಹುಣ್ಣಿಮೆಗೆ ತೇರಾಗುವ ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ನಾಟಕ ಕಂಪನಿಗಳಷ್ಟೇ ಬಾಗಿಲು ಚೌಕಟ್ಟಿನ ಸಾಲುಗಳೂ ನೆನಪಿರುತ್ತವೆ. ಸುತ್ತಲಿನ ಜಿಲ್ಲೆಯವರು ಹೊಸ ಮನೆಗೆ ಅಲ್ಲಿಂದಲೇ ಬಾಗಿಲು ಒಯ್ಯುತ್ತಾರೆ. ನಿಮ್ಮ ಹಳೆಯ ಬಾಗಿಲಿನಷ್ಟೇ ಅಳತೆಯ, ಅದೇ ಕಟ್ಟಿಗೆಯ ಹೊಸ ಬಾಗಿಲಿಗೆ ಅಲ್ಲಿ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಕೆತ್ತನೆ ಇಲ್ಲದ ಸಾದಾ ಹಳೆಯ ಬಾಗಿಲಿಗೆ ಅದಕ್ಕಿಂತ ಹೆಚ್ಚು ಬಯಸಬಾರದು. ಆದರೆ ಹೊಸದರಲ್ಲಿ ಬಿಳಿಮರ ಎಷ್ಟಿದೆ, ನಿಮ್ಮದರಲ್ಲಿ ಚೇಗು ಎಷ್ಟಿದೆ ಎಂದು ಹೋಲಿಸಿದರೆ ಮಾತಾಡಲು ಬಲ ಬರುತ್ತದೆ. ಜಾತ್ರೆಗೆ ಹೇಗೂ ಹೋಗುತ್ತೀರಿ. ಮಿಠಾಯಿ ಕೊಳ್ಳುವ ಮೊದಲು ಈ ಕೆಲಸ ಮುಗಿಸಿ.

ಹಳಮೆಯ ಗುರುತು

ಮೂರನೆಯ ಬೆಲೆ ಬರುವುದು ಕೆಲವಕ್ಕೆ ಮಾತ್ರ. ಸಾಮಾನು ನಿಜವಾಗಿ ಎಷ್ಟು ಹಳೆಯದು ಎಂಬುದನ್ನು ಮುಂಭಾಗ ಹೇಳುವುದಿಲ್ಲ, ಬೆನ್ನು ಹೇಳುತ್ತದೆ. ಮಂಚವನ್ನು ಮಗುಚಿ, ಸಂದೂಕವನ್ನು ಎಳೆದು ಹಿಂದೆ ನೋಡಿ. ಕೈಗರಗಸದ ಗುರುತು ನೇರವಾಗಿ, ಒಂದಕ್ಕೊಂದು ಸಮವಿಲ್ಲದೆ ಇರುತ್ತದೆ. ಯಂತ್ರದ ಗುಂಡು ಗರಗಸ ಕಮಾನಿನಂಥ ಗೆರೆ ಬಿಡುತ್ತದೆ. ಕಮ್ಮಾರ ಬಡಿದು ಮಾಡಿದ ಮೊಳೆ ಚೌಕ, ಒಂದರ ಹಾಗೆ ಒಂದಿಲ್ಲ. ಕಾರ್ಖಾನೆಯ ತಂತಿ ಮೊಳೆ ದುಂಡು. ಮೊಳೆಯೇ ಇಲ್ಲದೆ ಬರೀ ಕಟ್ಟಿಗೆ ಗೂಟದಿಂದ ಕೂಡಿಸಿದ್ದರೆ ಅದು ಒಳ್ಳೆಯ ಕೈಯ ಕೆಲಸ. ಎಲ್ಲಿಯಾದರೂ ಪ್ಲೈವುಡ್ ಕಂಡರೆ ಆ ಭಾಗವಾದರೂ ಮುತ್ತಜ್ಜನ ಕಾಲದ್ದಲ್ಲ. ಸವೆತವನ್ನೂ ನೋಡಬೇಕು. ಹೊಸ್ತಿಲು ಕಾಲಿಟ್ಟಲ್ಲಿ, ಕದ ಕೈಯಿಟ್ಟಲ್ಲಿ, ಜೋಕಾಲಿಯ ಮಣೆ ಕೂತಲ್ಲಿ ಸವೆಯಬೇಕು. ಎಲ್ಲ ಕಡೆ ಒಂದೇ ಸಮ ಸವೆದದ್ದು ಕಾಗದ ಹಚ್ಚಿ ಉಜ್ಜಿದ್ದು.

ನಮ್ಮ ಮನೆಗಳಲ್ಲಿ ಸಿಗುವವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಕಲಘಟಗಿ ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಸಾಗವಾನಿಯಿಂದ ಮಾಡಿ, ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆ ಬರೆದ ಈ ತೊಟ್ಟಿಲುಗಳು ತವರಿನ ಉಡುಗೊರೆಯಾಗಿ ಎಷ್ಟೋ ಮನೆಗೆ ಬಂದಿವೆ. ಒಂದು ಮನೆಯ ತೊಟ್ಟಿಲಲ್ಲಿ ಓಣಿಯ ಕೂಸುಗಳೆಲ್ಲ ಹೆಸರಿಡಿಸಿಕೊಂಡದ್ದೂ ಉಂಟು. ಈಗ ಅಟ್ಟದ ಮೇಲೆ ಉಳ್ಳಾಗಡ್ಡಿ ತುಂಬಲು ಬಳಕೆಯಾಗುತ್ತಿರುವ ಇಂಥ ತೊಟ್ಟಿಲಿಗೆ ಕಟ್ಟಿಗೆಯ ಬೆಲೆ ಏನೂ ಇಲ್ಲವೆಂದೇ ಹೇಳಬೇಕು. ಹಲಗೆ ತೆಳು, ತೂಕ ಕಡಿಮೆ. ಬೆಲೆಯೆಲ್ಲ ಆ ಬಣ್ಣದಲ್ಲಿದೆ. ಆದ್ದರಿಂದಲೇ ಮಾರುವ ಮೊದಲು ಚಂದ ಕಾಣಲೆಂದು ಸೋಡಾ ನೀರಿನಿಂದ ತಿಕ್ಕುವುದು, ಆಯಿಲ್ ಪೇಂಟ್ ಬಳಿಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ, ಅಷ್ಟೇ ಸಾಕು. ಅದರ ಸರಪಳಿ, ಮೇಲಿನ ದಂಡ, ತೂಗುವ ಗಿಳಿ, ಕಳಚಿದ ತುಂಡು ಎಲ್ಲವನ್ನೂ ಹುಡುಕಿ ಒಂದು ಚೀಲಕ್ಕೆ ಹಾಕಿ. ಕಲಘಟಗಿಯಲ್ಲಿ ಇಂದಿಗೂ ಹೊಸ ತೊಟ್ಟಿಲು ಮಾಡುತ್ತಾರೆ. ಅವರ ಹೊಸ ತೊಟ್ಟಿಲಿನ ದರ ಕೇಳಿದರೆ ನಿಮ್ಮ ಕೈಗೆ ಒಂದು ಅಳತೆಗೋಲು ಸಿಕ್ಕಿತು.

ಕೆತ್ತನೆಯ ಬಾಗಿಲಿಗೂ ಇದೇ ಮಾತು. ಎರಡು ಕದ, ಚೌಕಟ್ಟು, ಮೇಲಿನ ಗಣೇಶ ಪಟ್ಟಿ, ಹಿತ್ತಾಳೆ ಗುಬ್ಬಿ, ಚಿಲಕ, ಅಗುಳಿ ಎಲ್ಲ ಕೂಡಿಯೇ ಇರಬೇಕು. ಅಣ್ಣನಿಗೊಂದು ಕದ ತಮ್ಮನಿಗೊಂದು ಕದ ಎಂದು ಹಿಸ್ಸೆ ಮಾಡಿದರೆ ಇಬ್ಬರಿಗೂ ಎರಡು ಹಲಗೆ ಸಿಕ್ಕ ಹಾಗೆ. ಕಂಬಗಳೂ ನಾಲ್ಕು ಇದ್ದರೆ ನಾಲ್ಕೂ ಒಟ್ಟಿಗೆ, ಬೋದಿಗೆ ಸಹಿತ.

ಬಾಗಿಸಿದ ಕಟ್ಟಿಗೆಯ ಹಗುರ ಕುರ್ಚಿಗಳು ಹಳೆಯ ವಕೀಲರ ಮನೆಯಲ್ಲಿ, ಗೌಡರ ಪಡಸಾಲೆಯಲ್ಲಿ ಕಾಣುತ್ತವೆ. ಈ ಮಾದರಿಯನ್ನು ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ಪೇಟೆಗೆ ತಂದಿತು. ಆಮೇಲೆ ಎಷ್ಟೋ ಕಾರ್ಖಾನೆಗಳು ನಕಲು ಮಾಡಿದವು. ಕೂರುವ ಬಳೆಯ ಕೆಳಗೆ ಚೀಟಿಯೋ ಮುದ್ರೆಯೋ ಇದೆಯೇ ನೋಡಿ. ಇದ್ದರೆ ಅದನ್ನು ಕೆರೆಯಬೇಡಿ, ಫೋಟೋ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದು ಕುರ್ಚಿ, ಅಷ್ಟೇ.

ಕಬ್ಬಿಣದ ಕಪಾಟಿನ ಬಗೆಗೆ ಊರೂರಿಗೆ ಕಥೆಗಳಿವೆ. ಗೋದ್ರೇಜ್‌ನವರು 1897ರಲ್ಲಿ ಬೀಗದಿಂದ ಶುರು ಮಾಡಿ 1923ರಲ್ಲಿ ಉಕ್ಕಿನ ಕಪಾಟಿಗೆ ಬಂದರು. ನೂರೈವತ್ತು ವರ್ಷದ ಗೋದ್ರೇಜ್ ಕಪಾಟು ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಗಟ್ಟಿ ತಗಡು, ಕೀಲಿ ಸರಿ ಇದ್ದರೆ ಬಳಕೆಯ ಬೆಲೆ ಬರುತ್ತದೆ. ಕೀಲಿ ಕಳೆದಿದ್ದರೆ ಗುಜರಿ ತೂಕ.

ಒಕ್ಕಲುತನದ ಹಳೆಯ ಸಾಮಾನಿಗೂ ಈಗ ಗಿರಾಕಿ ಇದ್ದಾರೆ. ಬಂಡಿಯ ಗಾಲಿ, ಕೂರಿಗೆಯ ಬಟ್ಟಲು, ನೊಗ, ಒನಕೆ, ಬೀಸುಕಲ್ಲು ಹೆದ್ದಾರಿಯ ಹೋಟೆಲುಗಳ ಬಾಗಿಲಲ್ಲಿ ನಿಂತಿವೆ. ಇವಕ್ಕೆ ದರವೆಂಬುದಿಲ್ಲ. ಅಂಥದ್ದೊಂದು ಹೊಸದಾಗಿ ಮಾಡಿಸಲು ಬಡಿಗೇರರ ಎಷ್ಟು ದಿನದ ಕೂಲಿ, ಎಷ್ಟು ಕಟ್ಟಿಗೆ ಬೇಕೆಂದು ಲೆಕ್ಕ ಹಾಕಿ ಅದರ ಸುತ್ತ ಚೌಕಾಸಿ ಮಾಡಬಹುದು. ಇಳಕಲ್, ಗುಳೇದಗುಡ್ಡದ ಕಡೆ ಮನೆಯ ಕುಣಿಮಗ್ಗ ಕಿತ್ತು ಹಾಕುವವರು ಅದನ್ನು ಕಟ್ಟಿಗೆಯವನಿಗೆ ತೋರಿಸುವ ಮೊದಲು ಇನ್ನೂ ನೇಯುತ್ತಿರುವ ಒಬ್ಬ ನೇಕಾರನನ್ನು ಕೇಳಬೇಕು. ಲಾಳಿ, ಫಣಿ, ಮಗ್ಗದ ಕಂಬ ಅವನಿಗೆ ಉಪಯೋಗ, ಬೇರೆಯವರಿಗೆ ಒಲೆಗೆ. ಬಾಗಲಕೋಟೆಯ ಹೋಳಿಗೆ ಕಟ್ಟಿಗೆ ಕದಿಯುವ ಹುಡುಗರಂತೂ ಹಳೆಯ ಮಂಚದ ಕಾಲು, ಹೊಸ ನೊಗ ಎಂದು ಭೇದ ಮಾಡುವುದಿಲ್ಲ. ಹೋಳಿಯ ಮುಂಚೆ ಅಂಗಳದ ಸಾಮಾನು ಒಳಗೆ ಸೇರಲಿ.

ಕಾನೂನಿನ ಮಾತು

ನೂರು ವರ್ಷ ದಾಟಿದ ಕಲಾಕೆಲಸದ ವಸ್ತುವಿಗೆ, ಕಟ್ಟಡದಿಂದ ಬಿಚ್ಚಿ ತೆಗೆದ ವಸ್ತುವಿಗೆ ಸಹ, 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆ ಅನ್ವಯಿಸುತ್ತದೆ. ಇದು ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸು ಬೇಕು. ಕೆಲವು ಬಗೆಯ ವಸ್ತುಗಳನ್ನು, ಮುಖ್ಯವಾಗಿ ಮೂರ್ತಿಶಿಲ್ಪ ಮತ್ತು ಚಿತ್ರಗಳನ್ನು, ಮಾಲೀಕರು ನೋಂದಣಿ ಮಾಡಿಸಬೇಕು. ಆದ್ದರಿಂದ ಒಳ್ಳೆಯ ಕೆತ್ತನೆಯ ಕಂಬ ಬಾಗಿಲುಗಳಿಗೆ ದೊಡ್ಡ ಬೆಲೆ ಹೇಳಿಕೊಂಡು ಬಂದವನನ್ನು “ನಿಮ್ ಲೈಸೆನ್ಸ್ ತೋರಸ್ರಿ” ಎಂದು ಕೇಳಲು ಸಂಕೋಚ ಬೇಡ. ವಸ್ತು ಕಾಯಿದೆಗೆ ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ಪುರಾತತ್ತ್ವ ಇಲಾಖೆಗೆ ಫೋಟೋ ಸಹಿತ ಪತ್ರ ಬರೆಯಬಹುದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ವೃತ್ತ ಕಚೇರಿ ಧಾರವಾಡದಲ್ಲಿಯೇ ಇದೆ. ಅವರಿಂದ ಬೆಲೆ ಕೇಳುವುದಲ್ಲ, ಕಾಯಿದೆಯ ಮಾತು ಕೇಳುವುದು.

ಮನೆ ಅಗೆಯುವಾಗ ನೆಲದಲ್ಲಿ ಏನಾದರೂ ಸಿಕ್ಕರೆ ಅದು ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯಿದೆ ಇದೆ, ಅಧಿಕಾರಿಗಳಿಗೆ ತಿಳಿಸಲೇಬೇಕು. ಪಡಸಾಲೆಯ ಗೋಡೆಗೆ ಜಿಂಕೆಯ ಕೊಂಬು, ಪೆಟ್ಟಿಗೆಯ ಮೇಲೆ ಆನೆ ದಂತದ ಕೂರಣೆ ಇದ್ದರೆ ವನ್ಯಜೀವಿ ಕಾಯಿದೆಯ ಪ್ರಕಾರ ಅವುಗಳ ಮಾರಾಟ ಅಪರಾಧ. ಸಾಗವಾನಿ, ಬೀಟೆಯ ತೊಲೆಗಳನ್ನು ಬೇರೆ ಊರಿಗೆ ಸಾಗಿಸುವ ಮೊದಲು ಪಾಸು ಬೇಕೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ನಾಕಾದಲ್ಲಿ ಗಾಡಿ ನಿಂತಾಗ ಹಳೆಯ ಮನೆಯದೆಂದು ಹೇಳಿದರೆ ಸಾಲದು, ಪಂಚಾಯಿತಿಯ ಕಾಗದ, ಮನೆ ಕೆಡವುವ ಮುಂಚಿನ ಫೋಟೋ ಕೈಯಲ್ಲಿರಬೇಕು.

ಕಾಗದ ಎಂದ ಕೂಡಲೆ ಒಂದು ಮಾತು. ಸಂದೂಕ, ಪೆಟ್ಟಿಗೆ, ಗೋಡೆ ಕಪಾಟುಗಳನ್ನು ಕೊಡುವ ಮೊದಲು ಪ್ರತಿ ಖಾನೆಯನ್ನೂ ಹೊರಗೆ ಎಳೆದು, ಅದರ ಹಿಂದೆ ಬ್ಯಾಟರಿ ಬಿಟ್ಟು ನೋಡಿ. ಹಳೆಯ ಪೆಟ್ಟಿಗೆಗಳಲ್ಲಿ ಕಳ್ಳ ಖಾನೆ ಇರುತ್ತಿತ್ತು. ಹೊರಗಿನ ಅಳತೆಗೂ ಒಳಗಿನ ಅಳತೆಗೂ ಹಲಗೆಯ ದಪ್ಪ ಮೀರಿ ವ್ಯತ್ಯಾಸ ಬಂದರೆ ಅಲ್ಲಿ ಏನೋ ಇದೆ. ಸಿಗುವುದು ಬಂಗಾರವಲ್ಲ, ಬಹಳ ಸಲ ಕಾಗದ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಭಾಗದ ಹಳೆಯ ಕಬಾಲೆ, ಹಿಸ್ಸಾಪತ್ರ, ಲೆಕ್ಕಪತ್ರಗಳು ಎಷ್ಟೋ ಮೋಡಿ ಲಿಪಿಯಲ್ಲಿವೆ. ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಬೇಡಿ. ಹೊಲದ ಬಾಂದು, ಬಾವಿಯ ಪಾಲು, ದಾರಿಯ ಹಕ್ಕು ಕೋರ್ಟಿಗೆ ಹೋದ ದಿನ ಆ ಒಂದು ಹಾಳೆ ಸಂದೂಕದ ನೂರು ಪಟ್ಟು ಬಾಳಬಹುದು.

ಮಾರುವ ರೀತಿ

ಮೊದಲು ಮನೆಯವರ ಒಪ್ಪಿಗೆ. ಹಿಸ್ಸೆಪತ್ರದಲ್ಲಿ ಹೊಲಗಳ ಸರ್ವೇ ನಂಬರು ಇರುತ್ತವೆ, ತೊಟ್ಟಿಲು ಯಾರದೆಂದು ಇರುವುದಿಲ್ಲ. ಊರಲ್ಲಿದ್ದವನು ಮಾರಿದ, ಪುಣೆಯಲ್ಲಿದ್ದ ತಮ್ಮನಿಗೆ ಆರು ತಿಂಗಳ ಮೇಲೆ ಗೊತ್ತಾಯಿತು, ಮಾತು ನಿಂತಿತು. ಇಂಥ ಮನೆಗಳು ಎಲ್ಲ ಊರಲ್ಲೂ ಇವೆ. ಸಾಮಾನಿನ ಪಟ್ಟಿ ಮಾಡಿ, ಅಳತೆ ಬರೆದು, ಮೊಬೈಲಿನಲ್ಲಿ ಮುಂದಿನಿಂದ, ಹಿಂದಿನಿಂದ, ಕೂಡಿಕೆಯ ಹತ್ತಿರದಿಂದ ಫೋಟೋ ತೆಗೆದು ಎಲ್ಲ ಪಾಲುದಾರರಿಗೂ ಕಳಿಸಿ. ಹೆಣ್ಣುಮಕ್ಕಳಿಗೂ ಕಳಿಸಬೇಕು. ತೊಟ್ಟಿಲು ಅವರ ಅವ್ವನ ತವರಿನಿಂದ ಬಂದದ್ದಾಗಿರಬಹುದು.

ಎರಡನೆಯದಾಗಿ, ಒಬ್ಬನಿಗೇ ತೋರಿಸಿ ಮುಗಿಸಬೇಡಿ. ಕಟ್ಟಿಗೆಯ ಅಡ್ಡೆಯವನೊಬ್ಬ, ಹಳೆಯ ಸಾಮಾನು ಕೊಳ್ಳುವವನೊಬ್ಬ, ಮನೆ ಕಟ್ಟಿಸುತ್ತಿರುವ ಬಳಕೆಗಾರನೊಬ್ಬ, ಹೀಗೆ ಮೂರು ಬಗೆಯವರಿಂದ ಬೆಲೆ ಕೇಳಿ. ಎಲ್ಲವನ್ನೂ ಸೇರಿಸಿ 'ಒಟ್ಟು' ಬೆಲೆಗೆ ಒಪ್ಪಬೇಡಿ. ಒಟ್ಟು ಎಂಬ ಮಾತಿನೊಳಗೆ ಒಂದು ಒಳ್ಳೆಯ ವಸ್ತು ಅಡಗಿರುತ್ತದೆ. ಉಳಿದದ್ದೆಲ್ಲ ಅದಕ್ಕೆ ಮುಚ್ಚಿಗೆ. ಹತ್ತು ಸಾಮಾನಿನಲ್ಲಿ ವ್ಯಾಪಾರಿಯ ಕಣ್ಣು ಯಾವುದರ ಮೇಲೆ ಮತ್ತೆ ಮತ್ತೆ ಹೋಗುತ್ತದೆಂದು ನೋಡುತ್ತಾ ಕೂತರೆ ಅದೂ ಒಂದು ಪರೀಕ್ಷೆ.

ಹಾಗೆಂದು ವ್ಯಾಪಾರಿಯನ್ನು ಕಳ್ಳನೆಂದು ಬಗೆಯುವುದೂ ಸರಿಯಲ್ಲ. ಅವನು ಸಾಗಿಸಬೇಕು, ದುರಸ್ತಿ ಮಾಡಬೇಕು, ಗಿರಾಕಿ ಬರುವವರೆಗೆ ವರ್ಷಗಟ್ಟಲೆ ಗೋದಾಮಿನಲ್ಲಿ ಇಡಬೇಕು. ಪೇಟೆಯಲ್ಲಿ ಒಂದು ಲಕ್ಷ ಎಂದು ಚೀಟಿ ಹಚ್ಚಿದ ಬಾಗಿಲಿಗೆ ಹಳ್ಳಿಯಲ್ಲಿ ಲಕ್ಷ ಸಿಗುವುದಿಲ್ಲ, ಸಿಗಬೇಕೆಂದು ಹಟ ಹಿಡಿದವರ ಬಾಗಿಲು ಹಿತ್ತಲಲ್ಲೇ ಗೆದ್ದಲು ಹಿಡಿದದ್ದನ್ನೂ ಕಾಣುತ್ತೇವೆ. ಕಟ್ಟಿಗೆಯ ಲೆಕ್ಕಕ್ಕಿಂತ ಒಳ್ಳೆಯ ಅಂತರದಲ್ಲಿ ಮೇಲಿದ್ದು, ಮೂವರಲ್ಲಿ ಇಬ್ಬರು ಹತ್ತಿರ ಹತ್ತಿರ ಹೇಳಿದ ಬೆಲೆಗೆ ಕೊಡುವುದರಲ್ಲಿ ತಪ್ಪಿಲ್ಲ. ಹಣ ಪೂರ್ತಿ ಬಂದ ಮೇಲೆ ಗಾಡಿಗೆ ಹೇರಿಸಿ. ಮುಂಗಡ ಕೊಟ್ಟು ಅರ್ಧ ಸಾಮಾನು ಒಯ್ದವನು ಒಯ್ಯುವುದು ಒಳ್ಳೆಯ ಅರ್ಧವನ್ನೇ.

ಈಗಲೇ ಮಾರುವ ಗಡಿಬಿಡಿ ಇಲ್ಲದಿದ್ದರೆ ಬಿಚ್ಚುವ ಕೆಲಸವನ್ನಾದರೂ ಸರಿಯಾಗಿ ಮಾಡಿಸಿ. ಕೊಳ್ಳುವವನ ಆಳಲ್ಲ, ನಿಮ್ಮ ಬಡಿಗೇರರೇ ಬಿಚ್ಚಲಿ. ಚೌಕಟ್ಟನ್ನು ಹಾರೆ ಹಾಕಿ ಎಬ್ಬಿಸದೆ ಮೊದಲು ಗೂಟ ತೆಗೆದು, ಪ್ರತಿ ಕೂಡಿಕೆಗೂ ಸುಣ್ಣದ ಕಡ್ಡಿಯಿಂದ ನಂಬರು ಹಾಕಿ ಬಿಚ್ಚಬೇಕು. ಗೋಡೆಗೆ ಆನಿಸಿ ನಿಲ್ಲಿಸಿದರೆ ಹಲಗೆ ಬಾಗುತ್ತದೆ. ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲು ಇಟ್ಟು, ಅದರ ಮೇಲೆ ಮಲಗಿಸಿ, ಸಾಲು ಸಾಲಿನ ನಡುವೆ ಗಾಳಿ ಆಡುವಂತೆ ಕಡ್ಡಿ ಕೊಡಿ. ಮೇಲೆ ತಾಡಪಾಲು ಬಿಗಿಯಾಗಿ ಸುತ್ತಬಾರದು, ಒಳಗೆ ಬೆವರುತ್ತದೆ. ತಗಡಿನ ಮರೆ ಮೇಲು. ರೋಹಿಣಿ ಮಳೆ ಬೀಳುವ ಮೊದಲು ಇಷ್ಟಾದರೆ ಮುಂದಿನ ಬನಶಂಕರಿ ಜಾತ್ರೆಯವರೆಗೂ ಕಾಯಲು ಅಡ್ಡಿಯಿಲ್ಲ.